ವಿಶನ್‌ಸರ್‌ನಿಂದ ಗಡ್‌ಸರ್‌ಗೆ: 4,200 ಮೀಟರ್ ಎತ್ತರದ ಪಾಸ್ ದಾಟುವ ಒಂದು ದಿನ, ಹಂತ ಹಂತವಾಗಿ

ಕಾಶ್ಮೀರದ ಗಡ್‌ಸರ್ ಪಾಸ್ ದಾಟಿ ಬಂದವರು ಹೇಳುವುದೆಲ್ಲ ಆ ನೆತ್ತಿಯ ಕಥೆಯೇ. ವಿಶನ್‌ಸರ್, ಕಿಶನ್‌ಸರ್ ಎರಡೂ ಸರೋವರಗಳು ಒಟ್ಟಿಗೆ ಕಾಣುವ ಆ ಜಾಗದ ಫೋಟೊ ನೀವೂ ನೋಡಿರುತ್ತೀರಿ. ಆದರೆ ಮಂಡಿ ಹಿಡಿದುಕೊಂಡದ್ದು, ಪಾದ ಉಳುಕಿದ್ದು, ಮಳೆಯಲ್ಲಿ ನೆನೆದು ಗಡಗಡ ನಡುಗಿದ್ದು, ನಾನು ಕಂಡ ಮಟ್ಟಿಗೆ ಇವೆಲ್ಲ ಆಗುವುದು ನೆತ್ತಿ ದಾಟಿದ ಮೇಲೆ. ಮೈಯಲ್ಲಿದ್ದ ಕಸುವನ್ನೆಲ್ಲ ಏರಿಗೇ ಸುರಿದವರ ಮುಂದೆ ಇನ್ನೂ ಹತ್ತು ಕಿಲೋಮೀಟರಿನಷ್ಟು ದಾರಿ ಬಿದ್ದಿರುತ್ತದೆ. ಅದಕ್ಕೇ ಇದು ಬರೀ ಪಾಸ್ ಏರುವ ಪಾಠವಲ್ಲ. ಹಿಂದಿನ ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ಸ್ವಂತ ಬ್ಯಾಗನ್ನು ಸ್ವಂತ ಬೆನ್ನ ಮೇಲೆ ಹೊತ್ತು ಹೋಗುವವರಿಗಾಗಿ ಬರೆದಿದ್ದೇನೆ.

ಮೊದಲು ಜಾಗದ ಪರಿಚಯ

ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣ ಸೋನ್‌ಮಾರ್ಗ್‌ನಲ್ಲಿ ಶುರುವಾಗಿ ನಿಚ್‌ನಾಯ್, ವಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್ ದಾಟಿ ನಾರಾನಾಗ್‌ನಲ್ಲಿ ಮುಗಿಯುತ್ತದೆ. ಒಟ್ಟು 70 ಕಿ.ಮೀ. ಆಸುಪಾಸು. ದಾರಿಯಲ್ಲಿ ಮೂರು ಪಾಸುಗಳಿವೆ. ಅವುಗಳಲ್ಲಿ ಎತ್ತರದ್ದು ಗಡ್‌ಸರ್ ಪಾಸ್, ಸುಮಾರು 4,200 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕೂ ಹೆಚ್ಚು.

ಕಾಶ್ಮೀರಿಯ 'ಸರ್' ನಮ್ಮ 'ಸರೋವರ'ದ ಸರಸ್ಸೇ. ವಿಶನ್‌ಸರ್ ಎಂದರೆ ವಿಷ್ಣುವಿನ ಸರಸ್ಸು, ಕಿಶನ್‌ಸರ್ ಕೃಷ್ಣನದು. ಕಾಶ್ಮೀರಿಯಲ್ಲಿ 'ಗಾಡ್' ಎಂದರೆ ಮೀನು, ಗಡ್‌ಸರ್ ಮೀನಿನ ಕೆರೆ. ಕಿಶನ್‌ಸರ್‌ನ ನೀರು ವಿಶನ್‌ಸರ್‌ಗೆ ಇಳಿದು, ಅಲ್ಲಿಂದ ಕಿಶನ್‌ಗಂಗಾ ನದಿಯಾಗಿ ಗಡಿಯಾಚೆ ಹೋಗುತ್ತದೆ. ಆಚೆಯವರು ಅದನ್ನು ನೀಲಮ್ ಎನ್ನುತ್ತಾರೆ.

ಪಾಸ್ ಎಂದಾಗ ನಮ್ಮ ಮನಸ್ಸಿಗೆ ಮೊದಲು ಬರುವುದು ಚಾರ್ಮಾಡಿ, ಆಗುಂಬೆಯಂಥ ಘಾಟಿ. ಆ ಚಿತ್ರವನ್ನು ಬದಿಗಿಡಿ. ಘಾಟಿ ಹತ್ತಿದರೆ ಮೇಲೆ ಮಲೆನಾಡಿನ ನೆಲ ಸಿಗುತ್ತದೆ, ಊರು ಸಿಗುತ್ತದೆ, ಏರಿದ್ದಕ್ಕೆ ಅಲ್ಲೇ ಮುಕ್ತಾಯ. ಇಲ್ಲಿ ಪಾಸ್ ಎಂದರೆ ಎರಡು ಕಣಿವೆಗಳ ನಡುವಿನ ಗೋಡೆಯಲ್ಲಿ ತುಸು ತಗ್ಗಿದ ಜಾಗ, ಅಷ್ಟೆ. ಹತ್ತಿದಷ್ಟನ್ನೂ, ಅದಕ್ಕಿಂತ ಹೆಚ್ಚನ್ನೂ, ಆಚೆ ಇಳಿಯಬೇಕು. ವಿಶನ್‌ಸರ್ ಬಿಡಾರ ಸುಮಾರು 3,700 ಮೀಟರ್, ಏರು 500 ಮೀಟರ್. ಆಚೆಯ ಗಡ್‌ಸರ್ ಸರೋವರ 3,600ರ ಆಸುಪಾಸು, ಬಿಡಾರ ಅದಕ್ಕಿಂತಲೂ ಕೆಳಗೆ.

ಹೋಗಬೇಕಾದ ಕಾಲ ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜುಲೈ ಮೊದಲ ವಾರಗಳಲ್ಲಿ ಪಾಸಿನ ಅಕ್ಕಪಕ್ಕ ಹಿಮ ಉಳಿದಿರುತ್ತದೆ, ಶೂಗೆ ಹಾಕುವ ಮುಳ್ಳುಪಟ್ಟಿ ಬೇಕಾಗಬಹುದು. ಹೂವಿಗೆ ಜುಲೈ ಕೊನೆ ಮತ್ತು ಆಗಸ್ಟ್ ಒಳ್ಳೆಯದು. ದಾರಿ ಗಡಿ ನಿಯಂತ್ರಣ ರೇಖೆಗೆ ಹತ್ತಿರವಿರುವುದರಿಂದ ಸೇನೆಯ ತಪಾಸಣೆ ಇರುತ್ತದೆ. ಆಧಾರ್‌ನ ಮೂಲ ಕಾರ್ಡನ್ನೇ ಇಟ್ಟುಕೊಳ್ಳಿ, ಫೋನಿನಲ್ಲಿರುವ ಫೋಟೊ ನೆಚ್ಚಬೇಡಿ. ಭದ್ರತೆಯ ಕಾರಣಕ್ಕೆ ದಾರಿ ಮುಚ್ಚುವುದೂ ಉಂಟು, ಟಿಕೆಟ್ ಮಾಡಿಸುವ ಮುಂಚೆ ಅಲ್ಲಿಯ ಅನುಮತಿ ವಿಚಾರಿಸಿ. ಸ್ಥಳೀಯ ಗೈಡ್ ಇಲ್ಲದೆ ಈ ಪಾಸಿಗೆ ಹೋಗಬೇಡಿ. ಮಂಜು ಕವಿದರೆ ಕುರಿಗಳ ಕಾಲುದಾರಿಗೂ ನಮ್ಮ ದಾರಿಗೂ ವ್ಯತ್ಯಾಸ ಗೊತ್ತಾಗುವುದು ಅವರಿಗೆ ಮಾತ್ರ.

ಊರಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ಎರಡು ತಿಂಗಳು ಮುಂಚೆ ಶುರು ಮಾಡಿ. ಬೆಂಗಳೂರಿನವರಿಗೆ ನಂದಿಬೆಟ್ಟದ ಮೆಟ್ಟಿಲು, ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಸಾಕಷ್ಟು ಒಳ್ಳೆಯ ಗರಡಿ. ಒಂದು ಮಾತು ಮರೆಯಬೇಡಿ: ಹತ್ತುವುದಷ್ಟೇ ಅಲ್ಲ, ಇಳಿಯುವುದನ್ನೂ ಭಾರ ಹೊತ್ತೇ ಅಭ್ಯಾಸ ಮಾಡಬೇಕು. ಹತ್ತಿ, ಮೇಲೆ ಕಾಫಿ ಕುಡಿದು, ಬಸ್ಸಿನಲ್ಲಿ ಇಳಿದರೆ ತೊಡೆಯ ಮುಂಭಾಗದ ಸ್ನಾಯುಗಳಿಗೆ ಏನೂ ಅಭ್ಯಾಸವಾಗುವುದಿಲ್ಲ. ಗಡ್‌ಸರ್ ದಿನ ಮಂಡಿಯನ್ನು ಕಾಯುವುದು ಅವೇ. ಕುಮಾರಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತಿ ಇಳಿದವರಿಗೆ ಕಾಲಿನ ಕೆಲಸ ಎಷ್ಟೆಂಬ ಅಂದಾಜು ಇರುತ್ತದೆ.

ಕಾಲಿಗೆ ತಯಾರಿ ಉಂಟು, ಗಾಳಿಗಿಲ್ಲ. 4,200 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 60 ಪಾಲು, ಅಂದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ಬೆಂಗಳೂರಿನಲ್ಲಿ ಇದು 90ರ ಹತ್ತಿರ. ಮ್ಯಾರಥಾನ್ ಓಡಿದವರಿಗೂ ಇದರಿಂದ ವಿನಾಯಿತಿ ಇಲ್ಲ. ಮೈ ಹೊಂದಿಕೊಳ್ಳುವುದು ಎತ್ತರದಲ್ಲಿ ಕಳೆದ ರಾತ್ರಿಗಳಿಂದ ಮಾತ್ರ.

ಬ್ಯಾಗಿನ ತೂಕ ನಿಮ್ಮ ತೂಕದ ಐದರಲ್ಲಿ ಒಂದು ಪಾಲು ಮೀರದಿರಲಿ. 60 ಕಿಲೋ ಇರುವವರಿಗೆ 12 ಕಿಲೋ, ನೀರೂ ಸೇರಿ. ಹತ್ತಿಯ ಬಟ್ಟೆ ಬೇಡ, ಒದ್ದೆಯಾದರೆ ಒಣಗದೆ ಮೈಯ ಬಿಸಿ ಹೀರುತ್ತದೆ. ಬೇಗ ಒಣಗುವ ಎರಡು ಟೀಶರ್ಟ್, ಒಂದು ಫ್ಲೀಸ್, ಒಂದು ಗರಿ ತುಂಬಿದ ಜಾಕೆಟ್, ಮಳೆಯಂಗಿ, ಉಣ್ಣೆ ಟೋಪಿ, ಕೈಗವಸು, ಎರಡು ಊರುಗೋಲು. ಊರುಗೋಲು ಒಂದು ಸಾಲದು, ಎರಡು ಬೇಕು. ಕಾರಣ ಇಳಿಯುವಾಗ ಗೊತ್ತಾಗುತ್ತದೆ.

ಎತ್ತರದ ಕಾಯಿಲೆಗೆ ಮುಂಜಾಗ್ರತೆಯಾಗಿ ಕೊಡುವ ಅಸಿಟಜೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮುಂಚೆಯೇ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಹೇಳಲೇಬೇಕು.

ಹಿಂದಿನ ಸಂಜೆ, ವಿಶನ್‌ಸರ್ ದಂಡೆಯಲ್ಲಿ

ಇಲ್ಲಿಗೆ ಬರುವಷ್ಟರಲ್ಲಿ ನಿಚ್‌ನಾಯ್ ಪಾಸ್ ದಾಟಿರುತ್ತೀರಿ, ಅದೂ 4,000 ಮೀಟರ್ ಮೀರಿದ್ದು. ವಿಶನ್‌ಸರ್‌ನಲ್ಲಿ ಒಂದು ದಿನ ಹೆಚ್ಚಿಗೆ ಉಳಿಯುವ ಅವಕಾಶ ಇದ್ದರೆ ಬಿಡಬೇಡಿ. ಆ ದಿನ ಕಿಶನ್‌ಸರ್‌ವರೆಗೆ ಬರಿಗೈಯಲ್ಲಿ ಹೋಗಿ ಬನ್ನಿ. ಎತ್ತರಕ್ಕೆ ಹೋಗಿ ಕೆಳಗೆ ಬಂದು ಮಲಗುವುದು ಮೈಗೆ ಒಗ್ಗುವ ಕ್ರಮ. ಜೊತೆಗೆ, ಕಿಶನ್‌ಸರ್ ದಂಡೆಯಲ್ಲಿ ನಿಂತರೆ ನಾಳೆಯ ದಾರಿ ಎದುರಿನ ಬೆಟ್ಟದ ಮೈಮೇಲೆ ಓರೆಯಾಗಿ ಎಳೆದ ಗೀರಿನಂತೆ ಪೂರ್ತಿ ಕಾಣುತ್ತದೆ. ಎಲ್ಲಿ ಕಡಿದು, ಎಲ್ಲಿ ಉಸಿರು ತೆಗೆದುಕೊಳ್ಳುವಷ್ಟು ಜಾಗ, ಎಲ್ಲಿ ಹಿಮದ ತೇಪೆ, ಎಲ್ಲವನ್ನೂ ಗೈಡ್ ಹತ್ತಿರ ಕೇಳಿಕೊಳ್ಳಿ.

ಈಗ ಇಡೀ ಚಾರಣದ ಅತಿ ಮುಖ್ಯ ನಿರ್ಧಾರಕ್ಕೆ ಬರೋಣ. ವಿಶನ್‌ಸರ್ ಒಂದು ಬಟ್ಟಲು. ಹಿಂದೆ ಹೋಗುವುದಾದರೆ ನಿಚ್‌ನಾಯ್ ಪಾಸ್, ಮುಂದೆ ಹೋಗುವುದಾದರೆ ಗಡ್‌ಸರ್ ಪಾಸ್. ಚಾರಣಿಗರು ಬಳಸುವ ಎರಡೂ ದಾರಿ 4,000 ಮೀಟರ್ ದಾಟಿಯೇ ಹೊರಬೀಳುತ್ತವೆ. ಎತ್ತರದ ಕಾಯಿಲೆಗೆ ಮದ್ದು ಕೆಳಗಿಳಿಯುವುದು, ಆದರೆ ಇಲ್ಲಿ ಇಳಿಯಲು ಮೊದಲು ಏರಬೇಕು! ಆದ್ದರಿಂದ ಸಣ್ಣ ತಲೆನೋವನ್ನೂ ಮುಚ್ಚಿಡಬೇಡಿ. ನೀರು ಕುಡಿದು, ಊಟ ಮಾಡಿ, ರಾತ್ರಿ ಮಲಗೆದ್ದ ಮೇಲೂ ತಲೆನೋವು ಉಳಿದಿದ್ದರೆ, ವಾಕರಿಕೆ ಇದ್ದರೆ, ಅನ್ನ ಕಂಡರೆ ಬೇಡವೆನಿಸಿದರೆ ಬೆಳಿಗ್ಗೆ ಏರಬೇಡಿ. ಅಲ್ಲೇ ಒಂದು ದಿನ ನಿಲ್ಲಿ. ನೇರ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸಿ ಹತ್ತು ಹೆಜ್ಜೆ ನಡೆಯಲು ಆಗದೆ ತೂರಾಡುತ್ತಿದ್ದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟುತ್ತಿದ್ದರೆ, ಕೆಮ್ಮಿನಲ್ಲಿ ಗುಳುಗುಳು ಸದ್ದಿದ್ದರೆ ಅದು ಮಿದುಳು ಅಥವಾ ಶ್ವಾಸಕೋಶಕ್ಕೆ ನೀರು ಇಳಿಯುತ್ತಿರುವ ಲಕ್ಷಣ. ಆಗ ಕಾಯುವ ಮಾತೇ ಇಲ್ಲ. ಗೈಡ್‌ಗೂ ಹತ್ತಿರದ ಸೇನಾ ಠಾಣೆಗೂ ತಿಳಿಸಿ, ಕುದುರೆ ಹತ್ತಿಸಿ ಹೊರಡಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ ಒಳ್ಳೆಯದೇ, ಆದರೆ ಅದರ ಅಂಕಿ ಚೆನ್ನಾಗಿದೆ ಎಂದು ಈ ಲಕ್ಷಣಗಳನ್ನು ಕಡೆಗಣಿಸಬೇಡಿ.

ಮಲಗುವ ಮುಂಚೆ ಮಾಡುವ ಕೆಲಸ ಕೆಲವೇ. ನಾಳೆಯ ನೀರನ್ನು ಇವತ್ತೇ ಕುದಿಸಿ ಬಾಟಲಿಗೆ ತುಂಬಿ. ಈ ಎತ್ತರದಲ್ಲಿ ನೀರು 88 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಆದ್ದರಿಂದ ಗುಳ್ಳೆ ಬಂದ ಮೇಲೆ ಮೂರು ನಿಮಿಷ ಬಿಡಿ. ತೊರೆಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೇಲೆಲ್ಲ ಬಕರ್ವಾಲರ (ಇಲ್ಲಿಯ ಅಲೆಮಾರಿ ಕುರಿಗಾಹಿಗಳ) ಕುರಿ ಮೇಕೆಗಳು ಮೇಯುತ್ತಿರುತ್ತವೆ ಎಂಬುದು ನೆನಪಿರಲಿ. ಬಿಸಿ ಬಾಟಲಿಯನ್ನು ಕಾಲುಚೀಲದಲ್ಲಿ ಹಾಕಿ ಮಲಗುವ ಚೀಲದೊಳಗೆ ಇಟ್ಟುಕೊಂಡರೆ ರಾತ್ರಿಯ ಚಳಿಗೂ ಆಯಿತು.

ನಸುಕು: 4.30ರಿಂದ 6

ಬೇಗ ಹೊರಡಿ ಎಂದು ಎಲ್ಲರೂ ಹೇಳುತ್ತಾರೆ. ಕಾರಣ ಇಷ್ಟೇ: ಬೆಳಗಿನ ಬಿಸಿಲಿಗೆ ಕಣಿವೆ ಕಾದು, ಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ನೆತ್ತಿಯ ಮೇಲೆ ಮೋಡ ಕಟ್ಟುತ್ತದೆ. ಮಳೆ, ಆಲಿಕಲ್ಲು, ಗುಡುಗು ಬರುವುದಿದ್ದರೆ ಹೆಚ್ಚಾಗಿ ಆಮೇಲೆಯೇ. 6ಕ್ಕೆ ಹೊರಟರೆ 10ರಿಂದ 11ರೊಳಗೆ ನೆತ್ತಿ.

ತಿಂಡಿ ಬಿಸಿಯಾಗಿರಲಿ, ಬೇಗ ಆಗುವಂಥದ್ದಿರಲಿ. ಅಕ್ಕಿ ಇಲ್ಲಿ ಕುಕ್ಕರ್ ಇಲ್ಲದೆ ಸರಿಯಾಗಿ ಬೇಯುವುದಿಲ್ಲ. ನಾನು ಒಯ್ಯುವುದು ಗಟ್ಟಿ ಅವಲಕ್ಕಿ ಮತ್ತು ಮನೆಯಲ್ಲೇ ಹುರಿದು ಬೀಸಿದ ಹುರಿಹಿಟ್ಟು. ಬಿಸಿನೀರಿಗೆ ಬೆಲ್ಲ, ಒಂದು ಚಮಚ ತುಪ್ಪ, ಹುರಿಹಿಟ್ಟು ಕಲಸಿದರೆ ಐದು ನಿಮಿಷದಲ್ಲಿ ತಿಂಡಿ. ದಾರಿಗೆ ಕಡಲೆಬೀಜದ ಚಿಕ್ಕಿ, ಖರ್ಜೂರ, ಒಂದೆರಡು ಅಂಟಿನುಂಡೆಯನ್ನು ಬ್ಯಾಗಿನ ಸೊಂಟಪಟ್ಟಿಯ ಜೇಬಿನಲ್ಲಿ ಇಟ್ಟುಕೊಳ್ಳಿ, ತಳದಲ್ಲಲ್ಲ. ಎತ್ತರದಲ್ಲಿ ಹಸಿವು ಗೊತ್ತಾಗುವುದಿಲ್ಲ, ಕೈಗೆ ಸಿಗದ್ದನ್ನು ಯಾರೂ ತೆಗೆದು ತಿನ್ನುವುದಿಲ್ಲ.

ಬ್ಯಾಗ್ ತುಂಬುವಾಗ ಮಲಗುವ ಚೀಲ ತಳಕ್ಕೆ, ಭಾರದ ಸಾಮಾನು ಬೆನ್ನಿಗೆ ತಾಗಿ ನಡುವೆ, ಮಳೆಯಂಗಿ ಮತ್ತು ಜಾಕೆಟ್ ಎಲ್ಲಕ್ಕಿಂತ ಮೇಲೆ. ಒಳಗೆ ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಎಲ್ಲವನ್ನೂ ತುಂಬಿ. ಹೊರಗಿನ ಮಳೆಕವಚ ಗಾಳಿಗೆ ಕಿತ್ತು ಬರುತ್ತದೆ. ಹೊರಡುವಾಗ ಸ್ವಲ್ಪ ಚಳಿಯಾಗುತ್ತಿರಬೇಕು. ಬೆಚ್ಚಗೆ ಹೊರಟರೆ ಕಿಶನ್‌ಸರ್ ತಲುಪುವಷ್ಟರಲ್ಲಿ ಬೆವರಿ, ನೆತ್ತಿಯ ಗಾಳಿಗೆ ಆ ಬೆವರೇ ಮೈ ಕೊರೆಯುತ್ತದೆ.

ಏರು: ಕಿಶನ್‌ಸರ್‌ನಿಂದ ನೆತ್ತಿಗೆ

ಮೊದಲ ಅರ್ಧ ಮುಕ್ಕಾಲು ಗಂಟೆ ಹುಲ್ಲಿನ ದಿಣ್ಣೆ ಹತ್ತಿ ಕಿಶನ್‌ಸರ್. ಇಲ್ಲಿ ಎಲ್ಲರಿಗೂ ಹುಮ್ಮಸ್ಸಿರುತ್ತದೆ, ತಡೆದುಕೊಳ್ಳಿ. ಇಲ್ಲಿಂದ ದಾರಿ ಬೆಟ್ಟದ ಬೆನ್ನಿಗೆ ಅಂಟಿಕೊಂಡು ಕಡಿದಾಗಿ ಮೇಲೇರುತ್ತದೆ. ಅಗಲ ಒಬ್ಬರು ನಡೆಯುವಷ್ಟು.

ಏರುವ ವೇಗಕ್ಕೆ ಒಂದೇ ಅಳತೆ: ಪಕ್ಕದವರ ಹತ್ತಿರ ಒಂದು ಪೂರ್ತಿ ವಾಕ್ಯವನ್ನು ತಡೆಯದೆ ಹೇಳಲು ಆಗಬೇಕು. ಮಾತು ನಡುವೆ ತುಂಡಾದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ಐವತ್ತು ಹೆಜ್ಜೆ ಬೀಸಾಗಿ ಹಾಕಿ ಏದುಸಿರು ಬಿಡುತ್ತಾ ನಿಲ್ಲುವವರಿಗಿಂತ, ನಿಲ್ಲದೆ ಆಮೆಯಂತೆ ಹೋಗುವವರು ಮುಂಚೆ ತಲುಪುತ್ತಾರೆ, ಮಧ್ಯಾಹ್ನಕ್ಕೂ ಅವರ ಕಾಲಲ್ಲಿ ಶಕ್ತಿ ಉಳಿದಿರುತ್ತದೆ.

ಇದಕ್ಕೊಂದು ಹೆಜ್ಜೆ ಇದೆ, ಊರಿನ ಮೆಟ್ಟಿಲಿನ ಮೇಲೇ ಕಲಿಯಿರಿ. ಬಲಗಾಲನ್ನು ಮುಂದಿನ ಮೆಟ್ಟಿಲಿಗೆ ಇಡಿ, ಆದರೆ ಭಾರ ಹಾಕಬೇಡಿ. ಹಿಂದಿನ ಎಡಗಾಲಿನ ಮಂಡಿ ಪೂರ್ತಿ ನೇರವಾಗಲಿ. ಆಗ ಭಾರ ಸ್ನಾಯುವಿನ ಮೇಲಲ್ಲ, ಮೂಳೆಯ ಮೇಲೆ ನಿಲ್ಲುತ್ತದೆ. ಅಲ್ಲೇ ಅರ್ಧ ಕ್ಷಣ ತಡೆದು ಉಸಿರು ಬಿಡಿ. ಆಮೇಲೆ ಉಸಿರು ಎಳೆದುಕೊಳ್ಳುತ್ತಾ ಭಾರವನ್ನು ಮುಂದಿನ ಕಾಲಿಗೆ ದಾಟಿಸಿ ಏಳಿ. ಒಂದೊಂದು ಹೆಜ್ಜೆಗೂ ಒಂದೊಂದು ಕಾಲಿಗೆ ಅರ್ಧ ಕ್ಷಣದ ವಿಶ್ರಾಂತಿ. ಸಾವಿರ ಹೆಜ್ಜೆಗೆ ಲೆಕ್ಕ ಹಾಕಿದರೆ ಕಾಲು ಎಷ್ಟು ಹೊತ್ತು ಸುಮ್ಮನಿದ್ದಂತಾಯಿತು, ನೋಡಿ.

ಗಂಟೆಗೊಮ್ಮೆ ಐದು ನಿಮಿಷ ನಿಂತು ಎರಡು ಗುಟುಕು ನೀರು, ಒಂದು ತುಂಡು ಚಿಕ್ಕಿ. ಹೆಚ್ಚು ಹೊತ್ತು ಕೂತರೆ ಮೈ ಆರಿಹೋಗಿ ಮತ್ತೆ ಏಳುವುದು ಕಷ್ಟ.

ಹಿಂದಿನಿಂದ ಗಂಟೆ ಸದ್ದು ಕೇಳಿದರೆ ಸಾಮಾನು ಹೊತ್ತ ಕುದುರೆ, ಹೇಸರಗತ್ತೆಗಳು ಬರುತ್ತಿವೆ ಎಂದರ್ಥ. ಆಗ ಕಣಿವೆಯ ಕಡೆಗಲ್ಲ, ಬೆಟ್ಟದ ಕಡೆಗೆ ಸರಿದು ಬೆನ್ನು ಗೋಡೆಗೆ ಆನಿಸಿ ನಿಲ್ಲಿ. ಮೊದಲ ಸಲ ಹೋದಾಗ ನಾನು ಉಲ್ಟಾ ಮಾಡಿದೆ. ದಾರಿ ಬಿಡೋಣವೆಂದು ಹೊರ ಅಂಚಿಗೆ ನಿಂತೆ, ಹೊರೆಯ ಚೀಲ ಭುಜಕ್ಕೆ ತಾಗಿ ಒಂದು ಕಾಲು ಅಂಚಿನ ಜಲ್ಲಿಯಲ್ಲಿ ಜಾರಿತು. ಕುದುರೆ ನಡೆಸುತ್ತಿದ್ದ ಹುಡುಗ ಬ್ಯಾಗಿನ ಪಟ್ಟಿ ಹಿಡಿದೆಳೆದ. ಕೆಳಗೆ ಕಿಶನ್‌ಸರ್ ಎಷ್ಟು ನೀಲಿಯಾಗಿತ್ತೆಂಬುದು ನನಗೆ ಆ ಗಳಿಗೆಯಿಂದಲೇ ನೆನಪಿದೆ. ಅವತ್ತಿನಿಂದ ಜೊತೆಗೆ ಬಂದವರಿಗೆಲ್ಲ ಈ ಮಾತನ್ನು ಮೊದಲು ಹೇಳುತ್ತೇನೆ.

ಹಿಂತಿರುಗುವ ಹೊತ್ತನ್ನು ಕೆಳಗಿರುವಾಗಲೇ ನಿಗದಿ ಮಾಡಿ. 12 ಗಂಟೆಗೆ ನೆತ್ತಿ ಸಿಗದಿದ್ದರೆ ವಿಶನ್‌ಸರ್‌ಗೆ ವಾಪಸ್ಸು, ಇನ್ನು ನೂರೇ ಹೆಜ್ಜೆ ಎಂದರೂ. ಗುಡುಗು ಕೇಳಿದರೆ ಮಿಂಚಿಗೂ ಸದ್ದಿಗೂ ನಡುವೆ ಎಣಿಸಿ. ಸದ್ದು ಒಂದು ಕಿ.ಮೀ. ಬರಲು ಮೂರು ಸೆಕೆಂಡು ಬೇಕು. 30ರೊಳಗೆ ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ, ಏಣಿನ ಮೇಲಿರಬೇಡಿ, ಬಂದ ದಾರಿಯಲ್ಲೇ ಇಳಿಯಿರಿ.

ನೆತ್ತಿಯಲ್ಲಿ ಕಾಲು ಗಂಟೆ

ಹತ್ತಿ ನಿಂತ ಕೂಡಲೇ, ಫೋಟೊಗೆ ಮುಂಚೆ, ಜಾಕೆಟ್ ಹಾಕಿಕೊಳ್ಳಿ. ಆಮೇಲೆ ತಿರುಗಿ ನೋಡಿ. ಎರಡು ಸರೋವರಗಳೂ ಒಂದರ ಕೆಳಗೊಂದು ಮೆಟ್ಟಿಲಿನಂತೆ, ಎರಡಕ್ಕೂ ಬೇರೆ ಬೇರೆ ಬಣ್ಣ. ಮೋಡದ ನೆರಳು ಒಂದನ್ನು ದಾಟಿ ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತಾ ನಿಂತರೆ ಹೊತ್ತೇ ತಿಳಿಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕಾಲು ಗಂಟೆ ಸಾಕು.

ಹೊರಡುವ ಮುಂಚೆ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಏರುವಾಗಿನ ಸಡಿಲ ಕಟ್ಟಿನಲ್ಲಿ ಇಳಿದರೆ ಪಾದ ಮುಂದಕ್ಕೆ ಜಾರಿ ಬೆರಳ ಉಗುರು ಶೂವಿನ ಮೂತಿಗೆ ಬಡಿಯುತ್ತದೆ. ಸಂಜೆಗೆ ಉಗುರು ಕಪ್ಪಾಗುವುದು ಹೀಗೆಯೇ. ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಪಾದವನ್ನು ಪೂರ್ತಿ ಹಿಂದಕ್ಕೆ ಕೂರಿಸಿ, ಕಣಕಾಲು ಮಡಚುವ ಜಾಗದಲ್ಲಿ ಲೇಸನ್ನು ಎರಡು ಸುತ್ತು ತಿರುವಿ ಬಿಗಿ ಮಾಡಿ, ಮೇಲಿನ ಕೊಕ್ಕೆಗಳಿಗೆ ಹಾಕಿ. ಊರುಗೋಲುಗಳನ್ನು ಏಳೆಂಟು ಸೆಂಟಿಮೀಟರ್ ಉದ್ದ ಮಾಡಿ. ಒಂದು ಅಂಟಿನುಂಡೆ ತಿನ್ನಿ.

ಇಳಿಜಾರು, ಹೂವು, ಗಡ್‌ಸರ್

ಆಚೆ ಬದಿಯ ಮೊದಲ ಇಳಿಜಾರು ಕಡಿದು, ಸಡಿಲ ಮಣ್ಣು ಮತ್ತು ಜಲ್ಲಿಯದು. ಮಂಡಿಯನ್ನು ಎಂದೂ ಸೆಟೆಸಬೇಡಿ, ತುಸು ಬಾಗಿರಲಿ. ಹೆಜ್ಜೆ ಚಿಕ್ಕದಿರಲಿ. ಎರಡೂ ಊರುಗೋಲನ್ನು ಮೊದಲು ಕೆಳಗಿಟ್ಟು, ಆಮೇಲೆ ಪಾದ. ಭಯದಿಂದ ಹಿಂದಕ್ಕೆ ವಾಲುವುದು ಸಹಜ, ಆದರೆ ಜಾರಿಸುವುದೇ ಅದು. ಭಾರ ಪಾದದ ಮೇಲೆ ನೇರವಾಗಿ ಬೀಳಬೇಕು. ಮುಂದಿನವರ ಹಿಂದೆ ಅಂಟಿಕೊಂಡು ಹೋಗಬೇಡಿ, ನಿಮ್ಮ ಕಾಲಿಂದ ಸಿಡಿದ ಕಲ್ಲು ಅವರಿಗೆ ತಾಗುತ್ತದೆ.

ಕಡಿದು ಮುಗಿದ ಮೇಲೆ ನೆಲ ಹದವಾಗುತ್ತದೆ. ಸಣ್ಣ ಕೊಳಗಳು, ಹುಲ್ಲು, ಆಮೇಲೆ ಹೂವು. ಹಳದಿ, ನೇರಳೆ, ಬಿಳಿ, ನಡೆದಷ್ಟು ದೂರವೂ ಇವೇ. ಕೆಲಸ ಮುಗಿಯಿತೆಂಬ ಭಾವನೆ ಬರುವುದು ಇಲ್ಲಿಯೇ. ಕಣ್ಣು ಹೂವಿನ ಮೇಲೆ, ಕಾಲು ಬಿಲದಲ್ಲಿ! ನಮ್ಮ ಗುಂಪಿನ ಗೆಳತಿಯೊಬ್ಬಳು ಪಾಸನ್ನು ನಮಗಿಂತ ಸಲೀಸಾಗಿ ಇಳಿದು, ಈ ಸಮತಟ್ಟಾದ ಹುಲ್ಲಿನಲ್ಲಿ ಪಾದ ಉಳುಕಿಸಿಕೊಂಡಳು. ಬಿಡಾರಕ್ಕೆ ಇನ್ನೂ ಮೂರು ಗಂಟೆಯ ದಾರಿಯಿತ್ತು. ಅವಳ ಬ್ಯಾಗನ್ನು ಹಂಚಿಕೊಂಡು ಮುಸ್ಸಂಜೆಗೆ ತಲುಪಿದೆವು. ನೋಡಬೇಕೆನಿಸಿದಾಗ ನಿಲ್ಲಿ, ನಡೆಯುವಾಗ ನೆಲ ನೋಡಿ.

ಗಡ್‌ಸರ್ ಸರೋವರ ಕಲ್ಲಿನ ಗೋಡೆಗಳ ಬುಡದಲ್ಲಿದೆ. ಋತುವಿನ ಆರಂಭದಲ್ಲಿ ಹಿಮದ ತುಂಡುಗಳು ನೀರಲ್ಲಿ ತೇಲುತ್ತಿರುತ್ತವೆ. ಇದಕ್ಕೆ ಯಮಸರ್ ಎಂಬ ಇನ್ನೊಂದು ಹೆಸರೂ ಇದೆ. ಊಟಕ್ಕೆ ಇದೇ ಜಾಗ, ಒಂದು ಗಂಟೆ ತೆಗೆದುಕೊಳ್ಳಿ, ಶೂ ಕಾಲುಚೀಲ ತೆಗೆದು ಪಾದಕ್ಕೆ ಗಾಳಿಯಾಡಿಸಿ. ಎಲ್ಲಿಯಾದರೂ ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ಬೊಬ್ಬೆಯಾಗುವ ಮುಂಚೆಯೇ ಟೇಪ್ ಅಂಟಿಸಿ. ನೀರಿಗಿಳಿಯಬೇಡಿ, ಪಾತ್ರೆಗೂ ಸೋಪು ಬೇಡ. ಕೆಳಗಿನ ಕುರಿಗಾಹಿಗಳು ಕುಡಿಯುವುದು ಈ ನೀರನ್ನೇ.

ಇಲ್ಲಿಂದ ಬಿಡಾರಕ್ಕೆ ಹೊಳೆಯ ಜೊತೆಜೊತೆಗೇ ಇಳಿಯುವ ದಾರಿ. ಜುಲೈನಲ್ಲಿ ಹೊಳೆಯ ಮೇಲೆ ಹಿಮದ ಸೇತುವೆಗಳು ಕಾಣುತ್ತವೆ. ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಿಂದ ನೀರು ಕೊರೆದಿರುತ್ತದೆ, ಮಧ್ಯಾಹ್ನಕ್ಕೆ ಇನ್ನಷ್ಟು ತೆಳುವಾಗಿರುತ್ತದೆ. ಗೈಡ್ ಹೇಳಿದ ಜಾಗದಲ್ಲಲ್ಲದೆ ಕಾಲಿಡಬೇಡಿ. ಬಕರ್ವಾಲರ ಕಲ್ಲು ಮಣ್ಣಿನ ಗುಡಿಸಲುಗಳ ಹತ್ತಿರ ಬಂದಾಗ ದೂರದಿಂದಲೇ ಕೂಗಿ ತಿಳಿಸಿ. ಅವರ ನಾಯಿಗಳು ಕುರಿಗಳನ್ನು ಕರಡಿ, ಚಿರತೆಗಳಿಂದ ಕಾಯುವಂಥವು, ಸವರಲು ಹೋಗಬೇಡಿ. ಉಪ್ಪು ಹಾಕಿದ ಚಹಾ ಕೊಟ್ಟರೆ ಕೂತು ಕುಡಿಯಿರಿ. ಬೆವರಿ ಬಂದ ಮೈಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಸೇನಾ ಠಾಣೆಯಲ್ಲಿ ಆಧಾರ್ ತೋರಿಸಿ ಹೆಸರು ಬರೆಸುವಾಗ ಕ್ಯಾಮೆರಾ ಒಳಗಿರಲಿ, ಠಾಣೆಯ ಫೋಟೊ ತೆಗೆಯಬಾರದು.

ಬಿಡಾರಕ್ಕೆ ಬಂದ ಮೇಲೆ

ಮೂರು, ನಾಲ್ಕು ಗಂಟೆಗೆ ಡೇರೆ ತಲುಪಿದ ಕೂಡಲೇ ಬಿದ್ದುಕೊಳ್ಳಬೇಡಿ. ಮೊದಲು ಒದ್ದೆ ಬಟ್ಟೆ ಬದಲಿಸಿ, ಅರ್ಧ ಲೀಟರ್ ಓಆರ್‌ಎಸ್ ಕುಡಿಯಿರಿ, ಆಮೇಲೆ ಹತ್ತು ನಿಮಿಷ ತೊಡೆ, ಮೀನಖಂಡಗಳನ್ನು ಎಳೆದು ಸಡಿಲಿಸಿ. ಮೂತ್ರ ಕಡುಹಳದಿಯಿದ್ದರೆ ನೀರು ಸಾಲದು. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ ಹೋಗಿ ಒಂದು ಗೇಣು ಗುಂಡಿ ತೋಡಿ, ಮುಚ್ಚಿ. ಚಿಕ್ಕಿಯ ಕವರೂ ಸೇರಿ ಪ್ಲಾಸ್ಟಿಕ್ ಎಲ್ಲ ನಿಮ್ಮ ಬ್ಯಾಗಿನಲ್ಲೇ ನಾರಾನಾಗ್‌ವರೆಗೆ ಬರಬೇಕು.

ಕತ್ತಲಾಗುವ ಮುಂಚೆ ಎಲ್ಲರನ್ನೂ ಒಮ್ಮೆ ಕೂರಿಸಿ ಕೇಳಿ: ತಲೆನೋವು ಯಾರಿಗಿದೆ, ಮಂಡಿ ಯಾರದು ಹಿಡಿದಿದೆ, ಬೊಬ್ಬೆ ಯಾರಿಗೆ ಎದ್ದಿದೆ. ನಾಳೆ ಸತ್‌ಸರ್ ದಾರಿಯಲ್ಲಿ ಯಾರ ಬ್ಯಾಗಿನಿಂದ ಏನನ್ನು ಯಾರಿಗೆ ದಾಟಿಸಬೇಕು ಎಂಬುದನ್ನು ಈಗಲೇ ತೀರ್ಮಾನಿಸಿ, ಒದ್ದೆ ಕಾಲುಚೀಲವನ್ನು ಹಿಂಡಿ ಮಲಗುವ ಚೀಲದೊಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಂಡು ಮಲಗಿ. ಬೆಳಿಗ್ಗೆಗೆ ಒಣಗಿರುತ್ತದೆ.